ಕ್ಲಿಕ್ ತಿರುಗಿಸುವ ಮೊದಲು ಕೋನ ತಿಳಿಯಿರಿ: ರೈಫಲ್ ಗುರಿಯಲ್ಲಿ ಎಂಒಎ ಮತ್ತು ಮಿಲ್ ಲೆಕ್ಕ

ಎರೆಹೊಲದಲ್ಲಿ ಕೂರಿಗೆ ಹಿಡಿದವರಿಗೆ ಈ ವಿಷಯದ ಅರ್ಧ ಆಗಲೇ ಗೊತ್ತಿರುತ್ತದೆ. ಕೊಪ್ಪಳ, ರಾಯಚೂರು ಕಡೆಯ ಉದ್ದನೆಯ ಹೊಲದಲ್ಲಿ ಮೊದಲ ಸಾಲು ಹೊಡೆಯುವಾಗ ಎರಡು ಎತ್ತುಗಳ ನಡುವಿನಿಂದ ಆಚೆ ಬದುವಿನ ಒಂದು ಗಿಡವನ್ನು ಕಣ್ಣಲ್ಲಿ ಹಿಡಿದೇ ಹೊರಡುತ್ತಾರೆ. ಹೊರಡುವಾಗ ನೊಗ ಬೆರಳಗಲ ಸೊಟ್ಟಗಿದ್ದರೆ ಹತ್ತು ಹೆಜ್ಜೆಯವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಚೆ ಬದು ಮುಟ್ಟುವಷ್ಟರಲ್ಲಿ ಸಾಲು ಒಂದು ಮಾರು ಪಕ್ಕಕ್ಕೆ ಸರಿದಿರುತ್ತದೆ. ನಡುದಾರಿಯಲ್ಲಿ ಹೊಸ ತಪ್ಪೇನೂ ಆಗಿಲ್ಲ. ಮೊದಲಿದ್ದ ಸೊಟ್ಟವೇ ದೂರದ ಜೊತೆ ಅಗಲವಾಗುತ್ತಾ ಹೋಯಿತು, ಅಷ್ಟೇ.

ರೈಫಲ್‌ನ ಸೈಟ್ (ಗುರಿ ಹಿಡಿಯುವ ಸಾಧನ) ಕೂಡ ಹೀಗೆಯೇ. ಟಾರ್ಗೆಟ್ ಕಾಗದದ ಮೇಲೆ ಕಾಣುವುದು ಮಿಲಿಮೀಟರ್, ಸೈಟಿನ ತಿರುಪು ಬದಲಿಸುವುದು ಕೋನ. ಆ ತಿರುಪು ಟಕ್ಕೆಂದು ಸರಿಯುವ ಒಂದೊಂದು ಹೆಜ್ಜೆಯೇ ಕ್ಲಿಕ್. ಎರಡನ್ನೂ ಜೋಡಿಸುವುದು ದೂರ. ಎನ್‌ಸಿಸಿ ಶಿಬಿರಗಳಲ್ಲಿ ಹುಡುಗರು ಮೊದಲು ಕೇಳುವ ಪ್ರಶ್ನೆ, ‘ಎರಡು ಸೆಂಟಿಮೀಟರ್ ಬಲಕ್ಕೆ ಬಿತ್ತು, ಎಷ್ಟು ಕ್ಲಿಕ್ ಹಾಕಲಿ?’ ಇದಕ್ಕೆ ಉತ್ತರವೇ ಇಲ್ಲ. ಎಷ್ಟು ದೂರದಲ್ಲಿ ಎರಡು ಸೆಂಟಿಮೀಟರ್ ಎಂದು ಹೇಳಿದ ಮೇಲೆ ಮಾತ್ರ ಉತ್ತರ ಹುಟ್ಟುತ್ತದೆ.

ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಮಾತು. ಪಾಯಿಂಟ್ ಟೂ ಟೂ (.22) ರೈಫಲ್‌ಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಇಲ್ಲಿ ಹೇಳುವ ಗುಂಡಿನ ಅಭ್ಯಾಸವೆಲ್ಲ ಅನುಮತಿ ಇರುವ ರೇಂಜಿನಲ್ಲಿ, ತರಬೇತುದಾರರ ಎದುರಿಗೇ ಆಗಬೇಕು. ಸೈಟ್ ಮುಟ್ಟುವಾಗ ಬೋಲ್ಟ್ (ಗುಂಡು ತುಂಬಲು ಹಿಂದೆ ಎಳೆಯುವ ಕೀಲು) ತೆರೆದಿರಲಿ, ಗುಂಡು ಕೂರುವ ಕೋಣೆ ಖಾಲಿ ಇರಲಿ, ನಳಿಗೆ ಗುಂಡು ತಡೆಯುವ ಮಣ್ಣಿನ ಗುಡ್ಡೆಯ ಕಡೆಗೇ ಇರಲಿ.

ಎರಡು ಅಳತೆಗಳು

ಪಂಚಾಂಗ ನೋಡುವ ಮನೆಯವರಿಗೆ ಅಂಶ, ಕಲೆ, ವಿಕಲೆ ಗೊತ್ತು. ವೃತ್ತಕ್ಕೆ 360 ಅಂಶ, ಒಂದು ಅಂಶಕ್ಕೆ 60 ಕಲೆ. ಶೂಟಿಂಗ್‌ನವರು ಎಂಒಎ (ಮಿನಿಟ್ ಆಫ್ ಆ್ಯಂಗಲ್) ಎನ್ನುವುದು ಇದೇ ಕಲೆಯನ್ನು. ಇಡೀ ವೃತ್ತದ 21,600 ಪಾಲಿನಲ್ಲಿ ಒಂದು ಪಾಲು. 100 ಮೀಟರ್ ದೂರದಲ್ಲಿ ಒಂದು ಎಂಒಎ ಎಂದರೆ 29.1 ಮಿಲಿಮೀಟರ್. 50 ಮೀಟರ್‌ಗೆ ಅದರ ಅರ್ಧ, 14.5. 25 ಮೀಟರ್‌ಗೆ 7.27. ಏರ್ ರೈಫಲ್‌ನ 10 ಮೀಟರ್‌ಗೆ 2.91.

ಮಿಲ್ ಎಂಬುದು ಮಿಲಿರೇಡಿಯನ್‌ನ ಗಿಡ್ಡ ಹೆಸರು. ಒಂದು ಗೂಟ ನೆಟ್ಟು ಹಗ್ಗ ಕಟ್ಟಿ ವೃತ್ತ ಎಳೆಯಿರಿ. ಅದೇ ಹಗ್ಗವನ್ನು ವೃತ್ತದ ಅಂಚಿಗೆ ಒತ್ತಿ ಹಾಸಿದರೆ ಅದರ ಎರಡು ತುದಿಗಳು ಗೂಟದ ಬಳಿ ಮಾಡುವ ಕೋನವೇ ಒಂದು ರೇಡಿಯನ್. ಅದರ ಸಾವಿರದ ಒಂದು ಪಾಲು ಮಿಲ್. ಹಾಗಾಗಿ ಒಂದು ಮಿಲ್ ಎಂದರೆ ಯಾವಾಗಲೂ ದೂರದ ಸಾವಿರದ ಒಂದು ಪಾಲು: ಕಿಲೋಮೀಟರ್‌ಗೆ ಒಂದು ಮೀಟರ್, 100 ಮೀಟರ್‌ಗೆ 10 ಸೆಂಟಿಮೀಟರ್, 50ಕ್ಕೆ 5, 25ಕ್ಕೆ ಎರಡೂವರೆ, 10 ಮೀಟರ್‌ಗೆ ಒಂದೇ ಒಂದು ಸೆಂಟಿಮೀಟರ್. ಒಂದು ಮಿಲ್‌ನಲ್ಲಿ 3.438 ಎಂಒಎ ಇದೆ.

ಯಾವುದು ಮೇಲು ಎಂಬ ಜಗಳ ರೇಂಜಿನಲ್ಲಿ ಮುಗಿಯುವುದೇ ಇಲ್ಲ. ಎರಡೂ ಕೋನವೇ, ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೆ ಮೀಟರ್‌ನಲ್ಲಿ ದೂರ ಅಳೆದು ಮಿಲಿಮೀಟರ್‌ನಲ್ಲಿ ಟಾರ್ಗೆಟ್ ಓದುವವರಿಗೆ ಮಿಲ್ ಸಲೀಸು; ಬಿಂದು ಆಚೀಚೆ ಸರಿಸಿದರೆ ಲೆಕ್ಕ ಮುಗಿಯಿತು. ನಿಮ್ಮ ಕೈಗೆ ಸಿಕ್ಕ ಸೈಟ್ ಎಂಒಎಯದ್ದಾಗಿದ್ದರೆ ಅದನ್ನೇ ಕಲಿಯಿರಿ, ಮನಸ್ಸಿನಲ್ಲೇ ಪರಿವರ್ತನೆ ಮಾಡುತ್ತಾ ಕೂರಬೇಡಿ. ಅಲ್ಲೇ ತಪ್ಪಾಗುವುದು.

ರೈಫಲ್ ಇಲ್ಲದೆ ಮೊದಲ ಪಾಠ

ಕೋನ ಕಣ್ಣಿಗೆ ಪಳಗಬೇಕು. ಅದಕ್ಕೆ ಬೇಕಾದ್ದು ಒಂದು 15 ಸೆಂಟಿಮೀಟರ್ ಸ್ಟೀಲ್ ಸ್ಕೇಲು, ಹಿಗ್ಗದ ದಾರ, ಒಂದು ಫುಟ್‌ಬಾಲ್ ಗೋಲುಕಂಬ. ಊರಿನ ಕಾಲೇಜು ಮೈದಾನವಾದರೂ ಸರಿ, ಜಿಲ್ಲಾ ಕ್ರೀಡಾಂಗಣವಾದರೂ ಸರಿ.

1. ಸ್ಕೇಲಿನ ತೂತಿಗೆ ದಾರ ಕಟ್ಟಿ. ಸ್ಕೇಲಿನಿಂದ ಸರಿಯಾಗಿ 50 ಸೆಂಟಿಮೀಟರ್‌ಗೆ ಒಂದು ಗಂಟು ಹಾಕಿ. ಗಂಟನ್ನು ಕಣ್ಣಿನ ಕೆಳಗಿನ ಕೆನ್ನೆಮೂಳೆಗೆ ಒತ್ತಿ ಹಿಡಿದು ದಾರ ಬಿಗಿಯಾಗುವಷ್ಟು ಸ್ಕೇಲನ್ನು ಮುಂದೆ ಚಾಚಿ. ಈಗ ಸ್ಕೇಲಿನ ಒಂದು ಮಿಲಿಮೀಟರ್ ಎಂದರೆ 2 ಮಿಲ್. (1 ಮಿ.ಮೀ.ಯನ್ನು 500 ಮಿ.ಮೀ.ಗೆ ಭಾಗಿಸಿದರೆ ಸಾವಿರದ ಎರಡು ಪಾಲು.)

2. ಒಂದು ಗೋಲಿನ ಗೆರೆಯ ಮೇಲೆ ನಿಂತು ಎದುರು ಗೋಲನ್ನು ಒಂದೇ ಕಣ್ಣಿನಿಂದ ಅಳೆಯಿರಿ. ಗೋಲಿನ ಎತ್ತರ 2.44 ಮೀಟರ್, ಕಂಬಗಳ ನಡುವಿನ ಅಗಲ 7.32 ಮೀಟರ್; ಇವು ಆಟದ ನಿಯಮದಲ್ಲೇ ಇರುವ ಅಳತೆ.

3. ಸೂತ್ರ ಇಷ್ಟೇ: ವಸ್ತುವಿನ ಅಳತೆಯನ್ನು ಮೀಟರ್‌ನಲ್ಲಿ ಹಿಡಿದು 1000ದಿಂದ ಗುಣಿಸಿ, ಮಿಲ್‌ನಿಂದ ಭಾಗಿಸಿದರೆ ದೂರ ಮೀಟರ್‌ನಲ್ಲಿ ಬರುತ್ತದೆ.

ಎತ್ತರ 12 ಮಿಲಿಮೀಟರ್ ಕಂಡಿತೆನ್ನಿ. ಅಂದರೆ 24 ಮಿಲ್. 2440 ಭಾಗಿಸು 24, ಸುಮಾರು 102 ಮೀಟರ್. ಈಗ ಬೇಕೆಂದೇ ಒಂದು ಮಿಲಿಮೀಟರ್ ತಪ್ಪು ಓದಿ ನೋಡಿ. 11 ಎಂದರೆ ದೂರ 111 ಮೀಟರ್, 13 ಎಂದರೆ 94 ಮೀಟರ್. ಕೈ ನಡುಗಿದ್ದಕ್ಕೆ ಹದಿನೇಳು ಮೀಟರ್ ವ್ಯತ್ಯಾಸ! ಅದೇ ಗೋಲಿನ ಅಗಲ ಅಳೆದರೆ 36 ಅಥವಾ 37 ಮಿಲಿಮೀಟರ್ ಬರುತ್ತದೆ; ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ದೂರ 102 ಇಲ್ಲವೇ 99 ಮೀಟರ್. ಕೋನದಿಂದ ದೂರ ಅಳೆಯುವಾಗ ದೊಡ್ಡ ಗುರುತನ್ನೇ ಹಿಡಿಯಬೇಕು ಎನ್ನುವುದು ಈ ಒಂದು ಸಂಜೆಯ ಆಟದಲ್ಲಿ ತಲೆಗೆ ಹೋಗುತ್ತದೆ, ಪುಸ್ತಕ ಓದಿ ಹೋಗುವುದಿಲ್ಲ.

ದಾರದ ಉದ್ದ ಸರಿ ಇದೆಯೇ ಎಂದು ಅನುಮಾನ ಬಂದರೆ ಕ್ರಿಕೆಟ್ ಪಿಚ್ಚಿಗೆ ಹೋಗಿ. ಸ್ಟಂಪಿನ ಎತ್ತರ 71.1 ಸೆಂಟಿಮೀಟರ್. ಟೇಪು ಹಿಡಿದು 20 ಮೀಟರ್ ದೂರ ನಿಂತರೆ ಅದು 35.5 ಮಿಲ್, ಸ್ಕೇಲಿನಲ್ಲಿ ಹದಿನೆಂಟಕ್ಕೆ ಒಂದು ಕೂದಲು ಕಡಿಮೆ ಕಾಣಬೇಕು. ಬಾರದಿದ್ದರೆ ಗಂಟು ಸರಿಸಿ. ಇನ್ನು, ಈ ಅಭ್ಯಾಸವನ್ನು ರೈಫಲ್ ಮೇಲಿನ ಸ್ಕೋಪಿನಲ್ಲಿ (ದುರ್ಬೀನಿನಂಥ ಸೈಟಿನಲ್ಲಿ) ಮಾಡುವ ಚಪಲ ಬೇಡ. ಸ್ಕೋಪ್ ನೋಡಿದ ಕಡೆಗೆ ನಳಿಗೆಯೂ ನೋಡುತ್ತಿರುತ್ತದೆ.

ಟಾರ್ಗೆಟ್ಟನ್ನು ಕೋನದಲ್ಲಿ ಓದುವುದು

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆಗೆ ಕಂಚು ಬಂದದ್ದು ಮೂರು ಭಂಗಿಗಳಲ್ಲಿ ಹೊಡೆಯುವ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ. ಈ ಎರಡು ಟಾರ್ಗೆಟ್‌ಗಳನ್ನು ಪಕ್ಕಪಕ್ಕ ಇಟ್ಟರೆ 50 ಮೀಟರ್‌ನದು ದೊಡ್ಡ ತಟ್ಟೆಯಂತೆ, 10 ಮೀಟರ್‌ನದು ಚಿಕ್ಕ ಬಿಲ್ಲೆಯಂತೆ ಕಾಣುತ್ತದೆ. ದೊಡ್ಡದರಲ್ಲಿ ಹೊಡೆಯುವುದು ಸುಲಭವೇ? ಕೋನಕ್ಕೆ ತಂದು ನೋಡೋಣ.

10 ಮೀಟರ್ ಟಾರ್ಗೆಟ್ಟಿನ ಹತ್ತನೇ ರಿಂಗ್ ಕೇವಲ ಅರ್ಧ ಮಿಲಿಮೀಟರ್ ಚುಕ್ಕೆ. ಆದರೆ ಏರ್ ರೈಫಲ್ಲಿನ ಗುಂಡು, ಅಂದರೆ ಪೆಲೆಟ್, 4.5 ಮಿಲಿಮೀಟರ್ ದಪ್ಪ, ಅಂಚು ತಾಗಿದರೂ ಹತ್ತು ಅಂಕ. ಹಾಗಾಗಿ ಪೆಲೆಟ್‌ನ ಕೇಂದ್ರ 5 ಮಿಲಿಮೀಟರ್ ವ್ಯಾಸದ ವೃತ್ತದೊಳಗೆ ಬಿದ್ದರೆ ಸಾಕು. ಅದು 0.5 ಮಿಲ್. 50 ಮೀಟರ್‌ನಲ್ಲಿ ಹತ್ತನೇ ರಿಂಗ್ 10.4 ಮಿಲಿಮೀಟರ್, ಗುಂಡು 5.6. ಕೂಡಿದರೆ 16 ಮಿಲಿಮೀಟರ್. 50 ಮೀಟರ್‌ಗೆ ಅದು 0.32 ಮಿಲ್ ಮಾತ್ರ. ಅಂದರೆ ದೊಡ್ಡ ತಟ್ಟೆಯ ಹತ್ತು, ಚಿಕ್ಕ ಬಿಲ್ಲೆಯ ಹತ್ತಕ್ಕಿಂತ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಬಿಗಿ. ಏರ್ ರೈಫಲ್‌ನಲ್ಲಿ ಸಾಲು ಸಾಲು ಹತ್ತು ಹೊಡೆದವರು 50 ಮೀಟರ್‌ಗೆ ಬಂದ ದಿನ ಒಂಬತ್ತು ಬೀಳುತ್ತಿದೆಯೆಂದು ರೈಫಲ್ ಬಯ್ಯುವುದುಂಟು. ಅವರ ಕೈ ಕೆಟ್ಟಿಲ್ಲ, ರೈಫಲ್ಲೂ ಕೆಟ್ಟಿಲ್ಲ. ಅದೇ ಅರ್ಧ ಮಿಲ್ ಹಿಡಿತ 50 ಮೀಟರ್‌ನಲ್ಲಿ 25 ಮಿಲಿಮೀಟರ್ ಆಗುತ್ತದೆ. ಗಾಳಿಯ ಪಾಲು ಬೇರೆ.

ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟಿನ ಉಂಗುರ ಆರಿಸುವುದಕ್ಕೂ ಇದೇ ಲೆಕ್ಕ. 10 ಮೀಟರ್ ಟಾರ್ಗೆಟ್ಟಿನ ಕರಿ ಬಿಲ್ಲೆ 30.5 ಮಿಲಿಮೀಟರ್, ಅಂದರೆ 3.05 ಮಿಲ್. ಕಣ್ಣಿನಿಂದ ಮುಂದಿನ ಸೈಟ್ 90 ಸೆಂಟಿಮೀಟರ್ ದೂರ ಇದ್ದರೆ ಅಲ್ಲಿ ಆ ಬಿಲ್ಲೆ 2.7 ಮಿಲಿಮೀಟರ್ ಜಾಗ ಹಿಡಿಯುತ್ತದೆ. ಉಂಗುರ ಇದಕ್ಕಿಂತ ಚೆನ್ನಾಗಿ ದೊಡ್ಡದಿದ್ದು, ಸುತ್ತ ಬಿಳಿ ಪಟ್ಟಿ ಸಮವಾಗಿ ಕಾಣಬೇಕು. 50 ಮೀಟರ್‌ನ ಬಿಲ್ಲೆ 112.4 ಮಿಲಿಮೀಟರ್ ಇದ್ದರೂ ಕೋನದಲ್ಲಿ 2.25 ಮಿಲ್; ಅದೇ ಸೈಟಿನಲ್ಲಿ 2 ಮಿಲಿಮೀಟರ್. ಬಿಲ್ಲೆ ಸಣ್ಣದಾಗಿ ಕಂಡಾಗ ಹಳೆಯ ಉಂಗುರವನ್ನೇ ಇಟ್ಟುಕೊಂಡರೆ ಬಿಳಿ ಪಟ್ಟಿ ಅಗಲವಾಗಿ, ಬಿಲ್ಲೆ ನಡುವೆ ತೇಲಾಡುತ್ತದೆ. ತೀರ ಬಿಗಿ ಉಂಗುರ ಹಾಕಿದರೂ ತೊಂದರೆಯೇ: ಬಿಲ್ಲೆ ಅಂಚಿಗೆ ಅಂಟಿ, ಯಾವ ಕಡೆ ಸರಿದಿದೆ ಎಂದೇ ಗೊತ್ತಾಗದು.

ಸೈಟ್ ತಿದ್ದುವ ಕ್ರಮ, ಒಂದು ಉದಾಹರಣೆಯೊಂದಿಗೆ

ದೂರ 25 ಮೀಟರ್, .22 ರೈಫಲ್, ಮಲಗಿ ಹೊಡೆಯುವ ಭಂಗಿ, ಮುಂದೆ ಮರಳಿನ ಚೀಲದ ಆಸರೆ.

ಮೊದಲು ದೂರ ಅಳೆಯಿರಿ. ನಳಿಗೆಯ ಬಾಯಿಯಿಂದಲ್ಲ, ಫೈರಿಂಗ್ ಗೆರೆಯಿಂದ ಟಾರ್ಗೆಟ್ಟಿಗೆ, ಸ್ಟೀಲ್ ಟೇಪಿನಿಂದ. ಹಳೆಯ ರೇಂಜುಗಳಲ್ಲಿ ಕಲ್ಲು ನೆಟ್ಟಿರುವುದು ಗಜದ ಲೆಕ್ಕದಲ್ಲಿ ಇರಬಹುದು. 25 ಗಜ ಎಂದರೆ 22.86 ಮೀಟರ್, ಅಲ್ಲೇ ಶೇ 9ರಷ್ಟು ತಪ್ಪು ಒಳಗೆ ಬಂದುಬಿಡುತ್ತದೆ.

ನಂತರ ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡು. ಮೊದಲನೆಯದು ಎಲ್ಲಿ ಬಿತ್ತೆಂದು ನೋಡಿ ಎರಡನೆಯದರ ಗುರಿ ಬದಲಿಸಬೇಡಿ. ಒಂದು ಗುಂಡಿಗೆ ಸೈಟ್ ತಿರುಗಿಸುವವರು ಇಡೀ ದಿನ ತಿರುಗಿಸುತ್ತಲೇ ಇರುತ್ತಾರೆ, ಯಾಕೆಂದರೆ ಅವರು ಸೈಟಿನ ತಪ್ಪನ್ನಲ್ಲ, ತಮ್ಮ ಕೈ ನಡುಕವನ್ನು ಬೆನ್ನಟ್ಟುತ್ತಿರುತ್ತಾರೆ.

ಈಗ ಟಾರ್ಗೆಟ್ ತಂದು ಮೇಜಿನ ಮೇಲೆ ಇಡಿ. ಗುರಿ ಬಿಂದುವಿನ ಮೂಲಕ ಒಂದು ಅಡ್ಡ ಗೆರೆ, ಒಂದು ನಿಲುವು ಗೆರೆ ಎಳೆದು ಪ್ರತಿ ತೂತಿನ ಕೇಂದ್ರ ಎಷ್ಟು ಪಕ್ಕಕ್ಕೆ, ಎಷ್ಟು ಕೆಳಕ್ಕೆ ಎಂದು ಮಿಲಿಮೀಟರ್‌ನಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಐದೂ ಬಲಕ್ಕೆ, ಐದೂ ಕೆಳಕ್ಕೆ:

ಬಲಕ್ಕೆ: 14, 20, 9, 17, 15. ಕೂಡಿದರೆ 75, ಸರಾಸರಿ 15.
ಕೆಳಕ್ಕೆ: 16, 24, 29, 18, 23. ಕೂಡಿದರೆ 110, ಸರಾಸರಿ 22.

ಗ್ರೂಪಿನ, ಅಂದರೆ ಈ ಐದು ತೂತುಗಳ ಗುಂಪಿನ, ನಿಜವಾದ ಕೇಂದ್ರ 15 ಮಿಲಿಮೀಟರ್ ಬಲ, 22 ಕೆಳಗೆ. ಕಣ್ಣಂದಾಜಿನಲ್ಲಿ ಹಿಡಿದಿದ್ದರೆ ಒಂಟಿಯಾಗಿ ಕೆಳಗೆ ಬಿದ್ದ ಆ 29ರ ತೂತು ಎಲ್ಲರ ಕಣ್ಣನ್ನೂ ತನ್ನ ಕಡೆಗೆ ಎಳೆಯುತ್ತಿತ್ತು.

ಕಾಲು ಎಂಒಎ ಕ್ಲಿಕ್ಕಿನ ಸೈಟ್ ಆದರೆ 25 ಮೀಟರ್‌ನಲ್ಲಿ ಒಂದು ಕ್ಲಿಕ್ 7.27ರ ಕಾಲು ಭಾಗ, 1.82 ಮಿಲಿಮೀಟರ್. ಎಡಕ್ಕೆ 15 ಭಾಗಿಸು 1.82, ಎಂಟು ಕ್ಲಿಕ್. ಮೇಲಕ್ಕೆ 22 ಭಾಗಿಸು 1.82, ಹನ್ನೆರಡು ಕ್ಲಿಕ್. 0.1 ಮಿಲ್ ಕ್ಲಿಕ್ಕಿನದಾದರೆ ಒಂದು ಕ್ಲಿಕ್ 2.5 ಮಿಲಿಮೀಟರ್, ಎಡಕ್ಕೆ ಆರು, ಮೇಲಕ್ಕೆ ಒಂಬತ್ತು.

ತಿರುಗಿಸಿದ ಮೇಲೆ ಮತ್ತೆ ಐದು ಗುಂಡು ಹೊಡೆದು ನೋಡಲೇಬೇಕು. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು. ಮುಂದಿನ ಸೈಟನ್ನು ಸರಿಸುವುದಾದರೆ ಅದರ ಉಲ್ಟಾ, ಗುಂಡು ಬಿದ್ದ ಕಡೆಗೆ. ತಿರುಪಿನ ಮೇಲಿನ ಬಾಣದ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ಕೆಲವು ಸೈಟ್‌ಗಳಲ್ಲಿ ಆ ಗುರುತಿನ ಅರ್ಥ ‘ಗುಂಡು ಮೇಲೇರುತ್ತದೆ’ ಎಂದು, ಕೆಲವು ಜರ್ಮನ್ ಸೈಟ್‌ಗಳಲ್ಲಿ ‘ಗುಂಡು ಮೇಲೆ ಬಿದ್ದಿದ್ದರೆ ಹೀಗೆ ತಿರುಗಿಸು’ ಎಂದು. ಎರಡು ಅರ್ಥ, ಎರಡು ದಿಕ್ಕು. ತಿದ್ದಿದ ಮೇಲೆ ಗ್ರೂಪ್ ಇಮ್ಮಡಿ ದೂರ ಓಡಿದ್ದರೆ ಕಾರಣ ಇದೇ.

ಗ್ರೂಪಿನ ಗಾತ್ರವನ್ನೂ ಬರೆದಿಡಿ. ವರ್ನಿಯರ್ ಕ್ಯಾಲಿಪರ್‌ನಿಂದ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಗುಂಡಿನ ದಪ್ಪ ಕಳೆಯಬೇಕು. ಇಲ್ಲಿ 19.5, ಅದರಲ್ಲಿ 5.6 ಕಳೆದರೆ 13.9 ಮಿಲಿಮೀಟರ್. 7.27ರಿಂದ ಭಾಗಿಸಿದರೆ 1.9 ಎಂಒಎ. ಮಿಲ್‌ನಲ್ಲಿ ಬೇಕಿದ್ದರೆ 25ರಿಂದ ಭಾಗಿಸಿ, 0.56. ಬೇರೆ ಬೇರೆ ದೂರದಲ್ಲಿ ಹೊಡೆಯುವ ಇಬ್ಬರ ಗ್ರೂಪ್ ಹೋಲಿಸಲು ಈ ಅಂಕಿಯೊಂದೇ ನ್ಯಾಯವಾದದ್ದು.

ಒಂದು ಎಚ್ಚರ. ಗ್ರೂಪಿನ ಗಾತ್ರ ಹೆಚ್ಚುಕಡಿಮೆ ದೂರದಷ್ಟೇ ಬೆಳೆಯುತ್ತದೆ, ಆದರೆ ಗುಂಡಿನ ಇಳಿತ ಹಾಗಲ್ಲ. ಗುಂಡು ಹಾರಿದಷ್ಟೂ ಹೊತ್ತು ಕೆಳಗೆ ಬೀಳುತ್ತಲೇ ಇರುತ್ತದೆ, ಇಳಿತ ದೂರಕ್ಕಿಂತ ಜೋರಾಗಿ ಹೆಚ್ಚುತ್ತದೆ. 25 ಮೀಟರ್‌ನಲ್ಲಿ ಕೂರಿಸಿದ ಝೀರೋ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸಿದ್ದು) 50ಕ್ಕೆ ತಾನಾಗಿ ಸರಿಹೋಗುವುದಿಲ್ಲ. ಅಲ್ಲಿ ಹೊಸದಾಗಿ ಐದು ಗುಂಡು ಹೊಡೆದೇ ನೋಡಬೇಕು.

ಕ್ಲಿಕ್ ಇಲ್ಲದ ಸೈಟ್ ಆದರೆ

ತೆರೆದ ಸೈಟಿನಲ್ಲಿ ಕ್ಲಿಕ್ ಇರದೆ ಬರೀ ತಿರುಪು ಅಥವಾ ಜಾರು ಪಟ್ಟಿ ಇರುವುದುಂಟು. ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಎಷ್ಟು ದೂರ ಎಂದು ಅಳೆಯಿರಿ. 600 ಮಿಲಿಮೀಟರ್ ಎನ್ನಿ. ಕಾಗದದ ಮೇಲೆ ಸರಿಯಬೇಕಾದ 22 ಮಿಲಿಮೀಟರ್ ಅನ್ನು 600ರಿಂದ ಗುಣಿಸಿ, 25,000 ಮಿಲಿಮೀಟರ್‌ನಿಂದ ಭಾಗಿಸಿ. ಉತ್ತರ 0.53. ಸೈಟ್ ಸರಿಯಬೇಕಾದ್ದು ಅರ್ಧ ಮಿಲಿಮೀಟರ್! ಸುತ್ತಿಗೆಯಿಂದ ಟಪ್ಪೆಂದು ಹೊಡೆದು ಸರಿಸಿದರೆ ಎರಡು ಮಿಲಿಮೀಟರ್ ಹೋಗಿಬಿಡುತ್ತದೆ. ಸರಿಸುವ ಮೊದಲು ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳಿ, ಆ ಗೆರೆಯ ದಪ್ಪ ಸರಿದರೆ ಬಹುಪಾಲು ಕೆಲಸ ಆಗಿರುತ್ತದೆ.

ಉದ್ದ ನಳಿಗೆಯ ರೈಫಲ್‌ನಲ್ಲಿ ತೆರೆದ ಸೈಟ್ ಏಕೆ ಸುಲಭ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಎರಡು ಸೈಟ್‌ಗಳ ನಡುವೆ ದೂರ ಹೆಚ್ಚಿದಷ್ಟೂ ಕಣ್ಣಿನ ಅದೇ ತಪ್ಪು ಕಡಿಮೆ ಕೋನವಾಗುತ್ತದೆ.

ಎಲ್ಲಿ ಎಡವುತ್ತಾರೆ

ಇಂಚಿನ ಗೊಂದಲ ಮೊದಲನೆಯದು. ‘ಒಂದು ಎಂಒಎ ಎಂದರೆ ಒಂದು ಇಂಚು’ ಎಂಬ ಮಾತು 100 ಗಜಕ್ಕೆ ಸರಿಸುಮಾರು ಹೊಂದುತ್ತದೆ (1.047 ಇಂಚು). ಅದನ್ನೇ 100 ಮೀಟರ್‌ಗೆ ಹಚ್ಚಿದರೆ 29.1ರ ಬದಲು 25.4 ಮಿಲಿಮೀಟರ್ ಹಿಡಿದಂತಾಗಿ, ಲೆಕ್ಕ ಹಾಕಿದ ಕ್ಲಿಕ್ ಬೇಕಾದ್ದಕ್ಕಿಂತ ಹೆಚ್ಚಾಗಿ ಗುಂಡು ಆಚೆ ದಾಟುತ್ತದೆ.

ಸ್ಕೋಪಿನ ಒಳಗಿನ ಗೆರೆ ಮಿಲ್‌ನಲ್ಲಿ, ಹೊರಗಿನ ಟರೆಟ್ (ತಿರುಗಿಸುವ ಬಿರಡೆ) ಎಂಒಎಯಲ್ಲಿ ಇರುವ ಸ್ಕೋಪ್‌ಗಳು ಬಹಳ. ಗೆರೆಯಲ್ಲಿ 2 ಮಿಲ್ ತಪ್ಪು ಕಂಡು ಟರೆಟ್‌ನಲ್ಲಿ 2 ಎಂಒಎ ತಿರುಗಿಸಿದರೆ ಆದದ್ದು ಬೇಕಾದ್ದರ ಮೂರನೇ ಒಂದಕ್ಕಿಂತ ಕಡಿಮೆ. ಝೂಮ್ ಇರುವ ಸ್ಕೋಪ್‌ನಲ್ಲಿ ಇನ್ನೊಂದು ತೊಡಕು ಕಾದಿದೆ: ಝೂಮ್ ಬದಲಿಸಿದಾಗ ಗೆರೆಗಳು ಟಾರ್ಗೆಟ್ ಜೊತೆ ಹಿಗ್ಗದಿದ್ದರೆ, ಆ ಗೆರೆಗಳ ಅಳತೆ ಒಂದೇ ಒಂದು ಝೂಮ್‌ನಲ್ಲಿ ಮಾತ್ರ ನಿಜ. ಅದರ ಅರ್ಧ ಝೂಮ್‌ಗೆ ಇಳಿಸಿದರೆ ಒಂದು ಮಿಲ್ ಎಂದು ಬರೆದ ಜಾಗ ಎರಡು ಮಿಲ್ ತೋರಿಸುತ್ತದೆ.

ಟರೆಟ್ ಮೇಲೆ ಬರೆದದ್ದು ನಿಜವೇ ಎಂದೂ ಪರೀಕ್ಷಿಸಬಹುದು. 50 ಮೀಟರ್‌ನಲ್ಲಿ ಎತ್ತರದ ಹಾಳೆ ಕಟ್ಟಿ, ಗಾರೆಯವರ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯಿರಿ. ಅದರಲ್ಲಿ 500 ಮಿಲಿಮೀಟರ್ ಅಂತರಕ್ಕೆ ಎರಡು ಗುರುತು. ಖಾಲಿ ರೈಫಲ್ಲನ್ನು ಅಲ್ಲಾಡದಂತೆ ಕಟ್ಟಿ, ಸ್ಕೋಪಿನ ಗೆರೆಯನ್ನು ಮೇಲಿನ ಗುರುತಿಗೆ ಕೂರಿಸಿ, ಮೇಲಿನ ದಿಕ್ಕಿಗೆ 10 ಮಿಲ್ ತಿರುಗಿಸಿ. ಗೆರೆ ಕೆಳಗಿಳಿದು ಸರಿಯಾಗಿ ಕೆಳಗಿನ ಗುರುತಿನ ಮೇಲೆ ನಿಲ್ಲಬೇಕು. 485ಕ್ಕೇ ನಿಂತರೆ ನಿಮ್ಮ ಸ್ಕೋಪ್ ನೂರಕ್ಕೆ ಮೂರು ಕಳ್ಳತನ ಮಾಡುತ್ತದೆ. ಲೆಕ್ಕದ ಕ್ಲಿಕ್‌ಗಳನ್ನು 1.03ರಿಂದ ಗುಣಿಸಿಕೊಂಡು ಬದುಕಬಹುದು. ಇಳಿಯುವಾಗ ಗೆರೆ ತೂಗುಗುಂಡಿನ ಗೆರೆಯಿಂದ ಪಕ್ಕಕ್ಕೆ ಜಾರಿದರೆ ಸ್ಕೋಪ್ ವಾಲಿಸಿ ಕೂರಿಸಿದ್ದಾರೆ ಎಂದರ್ಥ. ರೈಫಲ್ 5 ಡಿಗ್ರಿ ವಾಲಿದರೆ, 10 ಎಂಒಎ ಎತ್ತರ ಹಾಕಿದ್ದಾಗ ಗುಂಡು 0.87 ಎಂಒಎ ಪಕ್ಕಕ್ಕೆ ಹೋಗುತ್ತದೆ. 50 ಮೀಟರ್‌ನಲ್ಲಿ ಸುಮಾರು 13 ಮಿಲಿಮೀಟರ್. ಇದನ್ನು ಗಾಳಿಯ ತಲೆಗೆ ಕಟ್ಟುವವರೇ ಹೆಚ್ಚು.

ಸವೆದ ತಿರುಪಿನಲ್ಲಿ ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಬರೀ ಶಬ್ದ, ಸೈಟ್ ಸರಿಯುವುದಿಲ್ಲ. ಬೇಕಾದ್ದಕ್ಕಿಂತ ನಾಲ್ಕೈದು ಕ್ಲಿಕ್ ಮುಂದೆ ಹೋಗಿ, ಯಾವಾಗಲೂ ಒಂದೇ ದಿಕ್ಕಿನಿಂದ ವಾಪಸ್ ಬಂದು ನಿಲ್ಲಿಸುವುದು ಇದಕ್ಕೆ ಮದ್ದು.

ಇನ್ನು ನಮ್ಮ ಬಿಸಿಲು. ಬಳ್ಳಾರಿ, ರಾಯಚೂರಿನಲ್ಲಿ ಬೇಸಿಗೆಯ ಹೊತ್ತು ಏರಿದಂತೆ ನೆಲದ ಮೇಲೆ ಬಿಸಿಲುಗುದುರೆ ಕುಣಿಯತೊಡಗುತ್ತದೆ. ಆಗ ಕಾಣುವ ಟಾರ್ಗೆಟ್ ಇದ್ದ ಜಾಗದಲ್ಲಿ ಇರುವುದಿಲ್ಲ, ಬಿಸಿಗಾಳಿ ಹರಿದ ಕಡೆಗೆ ಸರಿದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ತಿದ್ದಿದ ಝೀರೋ ಮರುದಿನ ಬೆಳಗಿನ ತಂಪಿನಲ್ಲಿ ತಪ್ಪಾಗಿರುತ್ತದೆ. ಝೀರೋ ಕೂರಿಸುವ ಕೆಲಸ ಬೆಳಗ್ಗೆ ಬೇಗ ಮುಗಿಸಿ. ಮಧ್ಯಾಹ್ನ ಹೊಡೆಯಲೇಬೇಕಾದರೆ ಹೊಡೆದು ಬರೆದುಕೊಳ್ಳಿ, ತಿರುಪು ಮುಟ್ಟಬೇಡಿ.

ಬರೆದುಕೊಳ್ಳುವುದಕ್ಕೆ ನೂರು ಪುಟದ ನೋಟ್‌ಬುಕ್ ಸಾಕು. ಒಂದು ದಿನಕ್ಕೆ ಒಂದೇ ಸಾಲು, ಹೀಗೆ:

25 ಮೀ., ಟೇಪು ಹಿಡಿದಿದೆ. ಬೆಳಗ್ಗೆ 7.10, ಗಾಳಿ ಇಲ್ಲ. 5 ಗುಂಡು. ಕೇಂದ್ರ: ಬಲ 15, ಕೆಳಗೆ 22. ಗ್ರೂಪ್ 13.9 ಮಿ.ಮೀ., 0.56 ಮಿಲ್. ಹಾಕಿದ್ದು: ಎಡ 6, ಮೇಲೆ 9. ಮತ್ತೆ ಹೊಡೆದ ಮೇಲೆ ಕೇಂದ್ರ: ಬಲ 1, ಮೇಲೆ 2. ಮುಟ್ಟಲಿಲ್ಲ.